ಕಲ್ಲಿನ ಮೇಲೆ ಗಾಳಿಕಂಬ

ಕಡಲಿನಲ್ಲಿ ಗಾಳಿ ಅಳೆಯುವ ಕಂಬ ನೆಡುತ್ತಾರಂತೆ ಎಂಬ ಸುದ್ದಿ ಉಪ್ಪುಂದಕ್ಕೆ ಬಂದಾಗ ಎಲ್ಲರೂ ನಕ್ಕರು. ಗಾಳಿ ಅಳೆಯುವುದಕ್ಕೆ ಕಂಬ ಯಾಕೆ, ಅವರನ್ನೇ ಒಂದು ದೋಣಿಯಲ್ಲಿ ಕೂರಿಸಿದರಾಯಿತು, ಅರ್ಧ ದಾರಿಗೆ ಅವರ ಹೊಟ್ಟೆಯೇ ಅಳೆದು ಹೇಳುತ್ತದೆ ಎಂದು ಬಲೆ ಹೆಣೆಯುವವರು ತಮಾಷೆ ಮಾಡಿದರು. ಆದರೆ ೨೦೧೫ರ ದೀಪಾವಳಿ ಕಳೆದ ಮೇಲೆ ಕಂಪೆನಿಯವರು ನಿಜವಾಗಿಯೂ ಬಂದು, ಮೀನುಗಾರರ ಸಂಘದ ಸಭಾಭವನದಲ್ಲಿ ಗೋಡೆ ತುಂಬ ಕಡಲಿನ ನಕ್ಷೆ ತೂಗುಹಾಕಿದಾಗ ನಗು ನಿಂತಿತು. ನಕ್ಷೆಯ ಪಕ್ಕ ಕೆಂಪು ಪೆನ್ನು ಹಿಡಿದು ನಿಂತವನು ಊರಿನದೇ ಹುಡುಗ ಪ್ರವೀಣ್.

ಪ್ರವೀಣ್ ಐಟಿಐ ಮುಗಿಸಿ ಗದಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳ ರಿಪೇರಿ ಕೆಲಸಕ್ಕೆ ಹೋಗಿದ್ದ. ಅಂಥದೇ ಯಂತ್ರಗಳನ್ನು ಕಡಲಿನಲ್ಲಿ ನಿಲ್ಲಿಸಬೇಕೆಂದಿದ್ದ ಈ ಕಂಪೆನಿಗೆ ಎತ್ತರಕ್ಕೂ ಹೆದರದ, ನೀರಿಗೂ ಹೆದರದ, ಊರವರ ಮಾತು ಬಲ್ಲ ಹುಡುಗ ಬೇಕಿತ್ತು. ಹಾಗಾಗಿ ಮನೆಬಾಗಿಲಿಗೇ ಕೆಲಸ ಬಂದಿತ್ತು.

"ನೀವು ಎಲ್ಲೆಲ್ಲಿ ಮೀನು ಹಿಡಿಯುತ್ತೀರೋ ದಯವಿಟ್ಟು ತೋರಿಸಿ. ಆ ಜಾಗ ಬಿಟ್ಟು ಕಂಬ ನಿಲ್ಲಿಸುತ್ತೇವೆ," ಎಂದರು ಇಂಜಿನಿಯರು. "ಕಂಬದ ಹತ್ತಿರ ದೋಣಿ, ಬಲೆ, ಗಾಳ ಯಾವುದೂ ಬರುವ ಹಾಗಿಲ್ಲ. ಗಾಳಿ ಚೆನ್ನಾಗಿದ್ದರೆ ಮುಂದೆ ದೊಡ್ಡ ಫ್ಯಾನುಗಳು ಬರುವುದೂ ಅದರ ಸುತ್ತಲೇ. ಆದ್ದರಿಂದ ಸರಿಯಾಗಿ ಹೇಳಿ."

ಒಬ್ಬೊಬ್ಬರೇ ಎದ್ದು ತೋರಿಸಿದರು. ಸೂರನ ಸರದಿ ಬಂತು. ಸೂರ ಪ್ರವೀಣನ ದೊಡ್ಡಪ್ಪ. ಒಂದೇ ಮನೆಗೆ ನಡುವೆ ಗೋಡೆ ಹಾಕಿ ಎರಡು ಮಾಡಿಕೊಂಡು, ಅಂಗಳ ಒಂದೇ ಬಾವಿ ಒಂದೇ ಇಟ್ಟುಕೊಂಡು ಬದುಕುತ್ತಿದ್ದ ಸಂಸಾರ ಅದು. ಸೂರ ನಕ್ಷೆಯನ್ನು ನೋಡಿದ, ಪೆನ್ನು ಹಿಡಿದ ತಮ್ಮನ ಮಗನನ್ನು ನೋಡಿದ, ಆಮೇಲೆ ಕೈಯನ್ನು ತೆಂಕು ದಿಕ್ಕಿಗೆ ಬೀಸಿದ.

"ನಮ್ದೆಲ್ಲ ತೆಂಕ್ ಬದಿ ಮಾಣಿ. ಮರವಂತೆ ಎದ್ರ್. ಅಲ್ಲೇ ಹಾಕ್ ಗುರ್ತ್."

"ಬಡ್ಗ್ ಬದಿ ಎಂತದೂ ಇಲ್ಯಾ ದೊಡ್ಡಪ್ಪ? ಒತ್ತಿನೆಣೆ ಎದ್ರ್?"

"ಅಲ್ಲೆಂತ ಇತ್ತ್? ಬರೀ ನೀರ್."

ಪ್ರವೀಣನ ಪೆನ್ನು ಒಂದು ಕ್ಷಣ ತಡೆಯಿತು. ಆಮೇಲೆ ತೆಂಕಿನಲ್ಲಿ ಗುರುತು ಹಾಕಿದ. ಪೆನ್ನು ತಡೆದದ್ದನ್ನು ಹಿಂದಿನ ಸಾಲಿನಲ್ಲಿ ಮೀನು ಮಾರುವ ಹೆಂಗಸರ ನಡುವೆ ಕುಳಿತಿದ್ದ ಅವನ ಅಮ್ಮ ಚಂದ್ರಮತಿ ಮಾತ್ರ ನೋಡಿದಳು. ಅವಳ ಎದೆ ಢವಢವ ಹೊಡೆದುಕೊಂಡಿತು, ಸಂತೋಷಕ್ಕೆ.

ಹೊರಗಿನವರಿಗೆ ಇದು ಅರ್ಥವಾಗಲಿಕ್ಕಿಲ್ಲ, ಹೇಳಿಬಿಡುತ್ತೇನೆ. ನಮ್ಮ ಕಡಲ ಬದಿಯಲ್ಲಿ ಮೀನು ಎಲ್ಲಿ ಸಿಕ್ಕಿತು ಎಂದು ಕೇಳಿದರೆ ಯಾವನೂ ನಿಜ ಹೇಳುವುದಿಲ್ಲ. ಬಡಗಿನಲ್ಲಿ ಸಿಕ್ಕಿದ್ದರೆ ತೆಂಕು ಅನ್ನುತ್ತಾನೆ. ಕೇಳಿದವನಿಗೂ ಅದು ಸುಳ್ಳೆಂದು ಗೊತ್ತು, ನಾಳೆ ಅವನೂ ಹಾಗೆಯೇ ಹೇಳುವವನು. ಇದರಲ್ಲಿ ಯಾರಿಗೂ ಬೇಸರವಿಲ್ಲ. ಹೆತ್ತ ಅಪ್ಪನೇ ಮಗನಿಗೆ ಮೀಸೆ ಬರುವ ತನಕ ಜಾಗ ಬಿಟ್ಟುಕೊಡುವುದಿಲ್ಲ. ಕಂಪೆನಿಯವರು ನಮ್ಮ ಜಾಗ ಉಳಿಸುವುದಕ್ಕೇ ಕೇಳುತ್ತಿದ್ದಾರೆ ಎಂಬುದು ಆ ದಿನ ಎಲ್ಲರ ತಲೆಗೂ ಹೋಗಿತ್ತು, ಆದರೆ ನಾಲಗೆ ಕೇಳಬೇಕಲ್ಲ. ನಕ್ಷೆಯ ಮೇಲೆ ಬಿದ್ದ ಗುರುತುಗಳಲ್ಲಿ ಅರ್ಧಕ್ಕರ್ಧ ಸುಳ್ಳು. ಉಳಿದವರು ಮೀನು ಹೋದಲ್ಲಿಗೆ ಬಲೆ ಒಯ್ಯುವವರು, ಅವರಿಗೆ ಅದರಿಂದ ನಷ್ಟವಿಲ್ಲ. ಸೂರನದು ಹಾಗಲ್ಲ. ಒತ್ತಿನೆಣೆ ಗುಡ್ಡದ ಎದುರು, ದೂರದಲ್ಲಿ, ನೀರಿನಡಿಯಲ್ಲಿ ಮನೆಯಷ್ಟು ದೊಡ್ಡ ಕಲ್ಲೊಂದಿತ್ತು. ಉಳಿದವರ ದೋಣಿ ಬರಿದಾಗಿ ಬರುವ ದಿನಗಳಲ್ಲೂ ಸೂರ ಆ ಕಲ್ಲಿನ ಮೇಲೆ ಗಾಳ ಬಿಟ್ಟು ಕಲ್ಲಿನ ಸಂದಿಯಲ್ಲಿರುವ, ಒಳ್ಳೆಯ ಬೆಲೆ ಬರುವ ಮುರು ಮೀನು ತರುತ್ತಿದ್ದ. ಅವನ ಮನೆಯ ಹಂಚು, ಮಗಳ ಮದುವೆ, ದೋಣಿಯ ಹೊಸ ಇಂಜಿನ್ ಎಲ್ಲ ಆ ಕಲ್ಲಿನಿಂದಲೇ ಬಂದದ್ದು.

ಆ ಸಂಜೆ ಚಂದ್ರಮತಿ ಬಂಗುಡೆ ಮೀನು ಕಾಯಿಸಿದಳು. ಮಗನ ಬಟ್ಟಲಿಗೆ ದೊಡ್ಡದನ್ನೇ ಹಾಕಿದಳು. ಮಗಳು ವಿನಯಾ ಬೈಂದೂರಿನ ಕಾಲೇಜಿಗೆ ಹೋಗುವವಳು, ಬಾಯಿ ಸ್ವಲ್ಪ ಜೋರು.

"ಎಂತ ಅಮ್ಮ, ಇವತ್ತ್ ಅಣ್ಣಂಗ್ ಮಾತ್ರ ದೊಡ್ಡದಾ? ನಕ್ಷೆ ಮೇಲೆ ಗೀಟ್ ಎಳ್ದದ್ದಕ್ಕಾ?"

"ಬಾಯಿ ಮುಚ್ಚ್ಕಂಡ್ ಉಣ್ಣ್ ಹೆಣ್ಣೆ."

ಪ್ರವೀಣ್ ಗಂಜಿಯಲ್ಲಿ ಕೈ ಆಡಿಸುತ್ತ ಕುಳಿತಿದ್ದ. "ಅಮ್ಮ, ಅವ್ರಿಗ್ ಅಡಿ ಗಟ್ಟಿ ಇಪ್ಪು ಜಾಗ ಬೇಕ್. ಮೂರ್ ಜಾಗ ಕಂಡ್ ಇಟ್ಟಿದ್ರ್. ಎರಡ್ರ ಮೇಲೆ ಮೀನಿನ ಗುರ್ತ್ ಬಿತ್ತ್. ಉಳ್ದದ್ ಒಂದೇ. ದೊಡ್ಡಪ್ಪನ ಕಲ್ಲ್."

"ದೊಡ್ಡಪ್ಪನ ಕಲ್ಲಲ್ಲ. ನಿನ್ ಅಪ್ಪಯ್ಯನ ಕಲ್ಲ್."

"ಆಯ್ತ್, ಅಪ್ಪಯ್ಯನ್ದೇ. ನಾಳೆ ನಾ ಇಂಜಿನಿಯರ್ರಿಗೆ ಹೇಳುದಾ, ಗುರ್ತ್ ತಪ್ಪ್ ಅಂದೇಳಿ?"

"ಸುಳ್ಳ್ ಹೇಳದ್ದ್ ನೀನಾ?"

"ಅಲ್ಲ, ಆರೆ..."

"ಮತ್ತೆ ನಿಂಗೆಂತ ಕೆಲ್ಸ? ಅವ್ರ್ ಬಾಯಾರೆ ಹೇಳ್ರ್, ನೀ ಗೀಟ್ ಹಾಕ್ದೆ. ಇಡೀ ಊರ್ ಕಂಡಿತ್ತ್. ಇನ್ನ್ ನೀ ಬಾಯಿ ಬಿಟ್ಟ್ರೆ ನಾ ನಿನ್ ಅಮ್ಮ ಅಲ್ಲ."

ಆ ಮಾತಿಗೆ ಪ್ರವೀಣ್ ತಲೆ ತಗ್ಗಿಸಿದ. ಅವನು ಈ ಕಥೆ ಕೇಳುತ್ತಲೇ ದೊಡ್ಡವನಾದವನು. ೧೯೯೭ರಲ್ಲಿ, ಮಳೆಗಾಲ ಮುಗಿದು ಕಡಲಿಗೆ ದೋಣಿ ಇಳಿಸಿದ ಹೊಸತರಲ್ಲಿ, ಅವನ ಅಪ್ಪ ಮುತ್ತ ಬೆಳಿಗ್ಗೆ ಒಬ್ಬನೇ ಗಾಳ ಹಾಕಲು ಹೋಗಿದ್ದ. ಕಲ್ಲನ್ನು ಮೊದಲು ಕಂಡುಹಿಡಿದವನು ಮುತ್ತನೇ. ಆ ದಿನ ಸೂರನಿಗೆ ಜ್ವರ, ಜೊತೆಗೆ ಹೋಗಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗಾಳಿ ಎದ್ದಿತು, ಮುತ್ತ ಬರಲಿಲ್ಲ. ಚಂದಯ್ಯ ಎಂಬವನು ನಾಲ್ಕು ದೋಣಿ ಕಟ್ಟಿಕೊಂಡು ಹುಡುಕಲು ಹೊರಟು, ಮುತ್ತ ಹೋದದ್ದು ಯಾವ ಕಡೆಗೆ ಎಂದು ಇದೇ ಅಂಗಳದಲ್ಲಿ ನಿಂತು ಕೇಳಿದ. ಸೂರ ತೆಂಕು ಎಂದ. ದೋಣಿಗಳು ಗಂಗೊಳ್ಳಿಯ ತನಕ ಹೋಗಿ ಬರಿಗೈಯಲ್ಲಿ ಬಂದವು. ಮುತ್ತನ ಹೆಣ ಸಿಕ್ಕಿದ್ದು ಬಡಗಿನಲ್ಲಿ, ಶಿರೂರಿನ ಆಚೆ. ಮಗುಚಿದ ದೋಣಿಗೆ ತನ್ನ ಕೈಯನ್ನು ಹಗ್ಗದಿಂದ ತಾನೇ ಕಟ್ಟಿಕೊಂಡಿದ್ದ. ಒಂದು ರಾತ್ರಿಯಾದರೂ ಜೀವ ಹಿಡಿದುಕೊಂಡಿದ್ದಾನೆ ಎಂದು ಪೊಲೀಸರೇ ಹೇಳಿದ್ದರು.

ಅಂದರೆ ಕಾದಿದ್ದ. ತಮ್ಮವರು ಬರುತ್ತಾರೆಂದು ಕಾದಿದ್ದ.

ಸೂರ ಕೆಟ್ಟವನಲ್ಲ ಎನ್ನುವವರು ಉಪ್ಪುಂದದಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರು ಯಾರೂ ಅವನ ಗೋಡೆಯ ಈಚೆ ಬದಿಯಲ್ಲಿ ಬದುಕಿದವರಲ್ಲ. ಮುತ್ತನ ಹನ್ನೊಂದನೆಯ ದಿನ ಕಳೆಯುತ್ತಲೇ ಅವನು ಅದೇ ಕಲ್ಲಿಗೆ ಗಾಳ ಹಾಕಲು ಹೋದ. ಬರುವಾಗ ಒಂದು ಮುರು ಮೀನನ್ನು ತಮ್ಮನ ಹೆಂಡತಿಯ ಬಾಗಿಲಿಗೆ ಇಟ್ಟು ಹೋದ. ಆ ಮೀನನ್ನು ಚಂದ್ರಮತಿ ಕೊಯ್ದು, ಸಾರು ಮಾಡಿ, ಮಗನಿಗೆ ಉಣಿಸಿದಳು. ಹೊಟ್ಟೆಯಲ್ಲಿ ಇನ್ನೊಂದು ಜೀವವಿತ್ತು, ಎಸೆಯುವಷ್ಟು ಧೈರ್ಯ ಎಲ್ಲಿಂದ ಬರಬೇಕು? ಆಮೇಲೆ ವರ್ಷಗಟ್ಟಲೆ ಅಂಥ ಮೀನು ಬಂತು. ಪ್ರತಿಯೊಂದನ್ನೂ ತಿಂದಳು, ಪ್ರತಿಯೊಂದಕ್ಕೂ ಲೆಕ್ಕ ಚುಕ್ತಾ ಮಾಡುವೆನೆಂದುಕೊಂಡಳು. ಬುಟ್ಟಿ ಹೊತ್ತು ಹಾಲಾಡಿ ಸಂತೆಯ ತನಕ ಮೀನು ಮಾರಿ ಮಕ್ಕಳನ್ನು ಓದಿಸಿದಳು. ಅವಳಿಗೆ ಸೂರನ ಆಸ್ತಿ ಬೇಕಿರಲಿಲ್ಲ, ದೋಣಿ ಬೇಕಿರಲಿಲ್ಲ. ಒಂದೇ ಒಂದು ಬೇಕಿತ್ತು. ಊರವರೆಲ್ಲ ಸೇರಿದಲ್ಲಿ, ಚಂದಯ್ಯನ ಎದುರು, ಆ ದಿನ ನಾನು ಸುಳ್ಳು ಹೇಳಿದೆ ಎಂದು ಅವನು ತನ್ನ ಬಾಯಿಂದಲೇ ಹೇಳಬೇಕು.

ಡಿಸೆಂಬರಿನಲ್ಲಿ ಕಬ್ಬಿಣದ ದೊಡ್ಡ ತೆಪ್ಪ ಬಂತು, ಅದರ ಮೇಲೆ ಕ್ರೇನ್. ಕಂಬದ ಕಾಲುಗಳನ್ನು ಕಡಲ ತಳಕ್ಕೆ ಹೊಡೆಯುವ ಸದ್ದು ಹಗಲಿಡೀ ಧಮ್ ಧಮ್ ಎಂದು ದಡಕ್ಕೆ ಕೇಳುತ್ತಿತ್ತು. ಆ ಸದ್ದಿಗೆ ಚಂದ್ರಮತಿಯ ಮೈಯಲ್ಲಿ ಹುರುಪು ಬಂತು. ಮಿಕ್ಸಿ ಇದ್ದರೂ ಅರೆಯುವ ಕಲ್ಲು ತೊಳೆದು ಮಸಾಲೆ ಅರೆದಳು. ಗೋಡೆಯ ಆಚೆ ಸೂರನ ಮನೆಯಲ್ಲಿ ಪಾತ್ರೆಯ ಸದ್ದೂ ಇರಲಿಲ್ಲ. ಚಂದ್ರಮತಿ ನೀರು ಬೇಡದಿದ್ದರೂ ಕೊಡಪಾನ ಹಿಡಿದು ಬಾವಿಗೆ ಹೋದಳು, ಸೂರನ ಹೆಂಡತಿ ಕಮಲ ಅಲ್ಲಿದ್ದಾಳೆಂದು ನೋಡಿಕೊಂಡೇ.

"ಎಂತ ಅಕ್ಕ, ಭಾವ ಕಡ್ಲಿಗ್ ಹೋಯ್ಲಿಲ್ಯಾ?"

"ಮೈ ಹುಷಾರಿಲ್ಲೆ ಅವ್ರಿಗ್."

"ಹೌದಾ? ಪಾಪ. ತೆಂಕ್ ಬದಿ ಪೂರಾ ಖಾಲಿ ಇತ್ತಲ್ಲ ಅಕ್ಕ, ಮರವಂತೆ ಎದ್ರ್. ಅಲ್ಲೇ ಅಲ್ದಾ ಅವ್ರ್ ಜಾಗ?"

ಕಮಲಳ ಕೈಯಿಂದ ಹಗ್ಗ ಜಾರಿತು, ಕೊಡಪಾನ ಬಾವಿಯ ಗೋಡೆಗೆ ಬಡಿದುಕೊಳ್ಳುತ್ತ ಕೆಳಗೆ ಹೋಯಿತು. "ನಿನ್ ಹೊಟ್ಟಿ ತಣ್ಣಗಾಯ್ತಾ ಚಂದ್ರಮತಿ?" ಎಂದಳು ಕಮಲ.

"ಇನ್ನೂ ಇಲ್ಲ ಅಕ್ಕ. ಒಂಚೂರ್ ಬಾಕಿ ಇತ್ತ್."

ಸೂರ ಸುಮ್ಮನೆ ಕೂರಲಿಲ್ಲ. ಒಂದು ದಿನ ಬಿಳಿ ಅಂಗಿ ಹಾಕಿಕೊಂಡು ಕಂಪೆನಿಯವರ ಶೆಡ್ಡಿಗೆ ಹೋದ. ಕಂಬ ಸ್ವಲ್ಪ ಆಚೆ ಹೋದರೆ ಒಳ್ಳೆಯದಿತ್ತು ಎಂದ. ಯಾಕೆ ಎಂದು ಕೇಳಿದ್ದಕ್ಕೆ, ಸುಮ್ಮನೆ ಎಂದ. ಜಾಗ ನಿಶ್ಚಯವಾದದ್ದು ಸಂಘದ ಸಭೆಯಲ್ಲಿ, ಹೇಳುವುದಿದ್ದರೆ ಮುಂದಿನ ಸಭೆಯಲ್ಲಿ ಎಲ್ಲರೆದುರು ಹೇಳಿ, ಬರೆದುಕೊಳ್ಳುತ್ತೇವೆ ಎಂದರು ಇಂಜಿನಿಯರು. ಸೂರ ಚಾ ಕುಡಿಯದೆ ಎದ್ದು ಬಂದ. ಸಂಘದ ಸಭೆಯಲ್ಲಿ ಮೊದಲ ಕುರ್ಚಿಯಲ್ಲಿ ಕೂರುವವನು ಚಂದಯ್ಯ. ಈ ಕಲ್ಲು ನನ್ನದು, ಮೊದಲಿಂದ ನಾವು ಹೋಗುತ್ತಿದ್ದದ್ದು ಅಲ್ಲಿಗೇ ಎಂದು ಅವನೆದುರು ಹೇಳುವುದೂ ಒಂದೇ, ತಮ್ಮನನ್ನು ಹುಡುಕಲು ಹೊರಟವರಿಗೆ ದಾರಿ ತಪ್ಪಿಸಿದೆ ಎಂದು ಹೇಳುವುದೂ ಒಂದೇ. ಇದನ್ನು ಪ್ರವೀಣ್ ಮನೆಗೆ ಬಂದು ಹೇಳಿದಾಗ ಚಂದ್ರಮತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ವಿನಯಾ ನಗಲಿಲ್ಲ.

"ಅಮ್ಮ, ಒಂದ್ ಕೇಳ್ತೆ. ಚಂದಯ್ಯ ಬಂದ್ ಕೇಳುವತ್ತಿಗ್ ನೀ ಎಲ್ಲಿದ್ದಿದ್ದೆ?"

"ಎಲ್ಲಿರ್ಕ್? ಇಲ್ಲೇ ಇದ್ದೆ. ನಿನ್ನ ಹೊಟ್ಟಿಯಗ್ ಇಟ್ಕಂಡ್ ಕೂತಿದ್ದೆ. ಕಾಲೇಜಿಗ್ ಹೊತ್ತಾಯ್ತಲ್ದಾ, ಹೊರ್ಡ್."

ಕಂಬ ಎದ್ದು ನಿಂತಿತು. ನಾಲ್ಕು ಕಾಲಿನ ಹಳದಿ ಕಟ್ಟೆ, ಅದರ ಮೇಲೆ ಆಕಾಶಕ್ಕೆ ಚುಚ್ಚಿದ ಕಬ್ಬಿಣದ ಕಂಬ, ತುದಿಯಲ್ಲಿ ತಿರುಗುವ ಬಟ್ಟಲುಗಳು. ಪ್ರವೀಣನ ನಿಜವಾದ ಕೆಲಸ ಶುರುವಾದದ್ದು ಆಗ. ವಾರದಲ್ಲಿ ಮೂರು ನಾಲ್ಕು ಬಾರಿ ಕಂಪೆನಿಯ ದೋಣಿಯಲ್ಲಿ ಹೋಗಿ, ತೆರೆ ಎತ್ತಿದ ಹದ ನೋಡಿ ಏಣಿಗೆ ಹಾರಬೇಕು. ಕಾಲಿಗೆ ಅಂಟಿದ ಚಿಪ್ಪು ಕೆರೆಯಬೇಕು, ಸೋಲಾರ್ ಹಲಗೆಯ ಮೇಲೆ ಕಡಲಹಕ್ಕಿ ಮಾಡಿದ ಹೊಲಸು ತೊಳೆಯಬೇಕು, ದೀಪ ನೋಡಬೇಕು, ಉಪ್ಪುಗಾಳಿಗೆ ಹಿಡಿದ ತುಕ್ಕಿಗೆ ಬಣ್ಣ ಬಳಿಯಬೇಕು. ಅವನ ಕಿತ್ತಳೆ ಬಣ್ಣದ ಅಂಗಿ ಒಗೆದು ಚಂದ್ರಮತಿ ಅಂಗಳದ ನಡುವೆ, ಸೂರನ ಜಗಲಿಗೆ ಕಾಣುವ ಹಾಗೆ ಒಣಗಿಸುತ್ತಿದ್ದಳು. ಇದಕ್ಕಿಂತ ಒಳ್ಳೆಯ ಬಿಸಿಲು ಹಿತ್ತಲಿನಲ್ಲಿತ್ತು.

ಹತ್ತಿರ ಬಂದ ದೋಣಿಗಳನ್ನು ಓಡಿಸುವುದೂ ಪ್ರವೀಣನ ಕೆಲಸವೇ. ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವನು ಕಟ್ಟೆಯ ಮೇಲಿದ್ದಾಗ ಸೂರನ ಮಗ ರತನ್ ನಾಡದೋಣಿ ತಂದು ಕಂಬದ ಬುಡದಲ್ಲೇ ಇಂಜಿನ್ ನಿಲ್ಲಿಸಿದ. ಇಬ್ಬರೂ ಒಂದೇ ಅಂಗಳದಲ್ಲಿ ಆಡಿ ಬೆಳೆದವರು. ಗಾಳ ಕಟ್ಟುವುದನ್ನು ಪ್ರವೀಣನಿಗೆ ಕಲಿಸಿದವನು ರತನ್‌ನೇ.

"ಹ್ವಾಯ್ ರತನ್, ಇಲ್ಲ್ ಬೇಡ ಮರಾಯ. ಆಚಿಗ್ ಹೋಗ್."

"ಎಂತಕ್ ಹೋಯ್ಕ್? ಅಡಿಯಗ್ ಯಾರ್ ಕಲ್ಲಿತ್ತ್ ಅಂದ್ ನಿಂಗೊತ್ತಿಲ್ಯಾ?"

"ಗೊತ್ತಿತ್ತ್."

"ಗೊತ್ತಿದ್ದ್ ಗೀಟ್ ಹಾಕ್ದೆ ಅಲ್ದಾ?"

"ನಾ ಕೇಳ್ದೆ ರತನ್, ಎಲ್ಲರೆದ್ರ್ ಕೇಳ್ದೆ. ಬರೀ ನೀರ್ ಅಂದ್ರ್ ದೊಡ್ಡಪ್ಪ."

"ಸುಳ್ಳ್ ಅಂದ್ ನಿಂಗೂ ಗೊತ್ತಿದ್ದಿತ್. ಅಪ್ಪಯ್ಯ ಅಂಗಳದಗ್ ಕೂಕಂಡ್ ಬರೀ ಬೀಡಿ ಎಳಿತ್ರ್. ನಾ ಮಲ್ಪೆಗ್ ಬೋಟಿಗ್ ಹೋತೆ ಇನ್ನ್. ಕೂಲಿಗ್. ನೀ ಇಲ್ಲ್ ಹಕ್ಕಿ ಹೇಲ್ ತೊಳಿ."

ಪ್ರವೀಣ್ ನಿಯಮದಂತೆ ಸೀಟಿ ಊದಬೇಕಿತ್ತು, ದಡಕ್ಕೆ ಫೋನ್ ಮಾಡಬೇಕಿತ್ತು. ಎರಡನ್ನೂ ಮಾಡಿದ. ಕಂಬದ ನೆರಳಿನಲ್ಲಿ ಮುರು ಮೀನುಗಳು ಹಿಂಡು ಕಟ್ಟಿಕೊಂಡು ತಿರುಗುತ್ತಿದ್ದದ್ದು ಇಬ್ಬರಿಗೂ ಕಾಣುತ್ತಿತ್ತು. ಕಾವಲಿನ ದೋಣಿ ಬಂದು ರತನ್‌ನನ್ನು ಕಳ್ಳನನ್ನು ಅಟ್ಟಿದ ಹಾಗೆ ಅಟ್ಟಿತು.

ಆ ಮಧ್ಯಾಹ್ನ ಪ್ರವೀಣ್ ಊಟಕ್ಕೆ ಕೂತವನು ಸಿಗಡಿ ಸಾರು ಮುಟ್ಟಲಿಲ್ಲ.

"ಎಂತ, ಉಪ್ಪ್ ಜಾಸ್ತಿ ಆಯ್ತಾ?" ಚಂದ್ರಮತಿ ಕೇಳಿದಳು.

"ಇಂಜಿನಿಯರ್ರಿಗೆ ಹೇಳ್ತೆ ಅಮ್ಮ. ಸಾಕ್. ರತನ್ ಎಂತ ಮಾಡಿದ್ದ? ಅವ ಆಗ ಸಣ್ಣ ಪೋರ."

"ನೀನೂ ಸಣ್ಣ ಪೋರನೇ. ನಿಂಗ್ ಅಪ್ಪಯ್ಯ ಬೇಡ ಆಗಿದ್ದಿತಾ? ದೋಣಿ ಬುಡಕ್ಕೆ ಕೈ ಕಟ್ಕಂಡ್ ರಾತ್ರಿ ಇಡೀ ಕಾದಿದ್ರ್ ಅವ್ರ್. ನೀ ಎರಡ್ ತಿಂಗ್ಳ್ ಬಾಯಿ ಕಟ್ಟುಕಾತಿಲ್ಯಾ?"

"ದೊಡ್ಡಪ್ಪ ಹೇಳ್ದೇ ಹೋದ್ರೆ?"

"ಹೇಳ್ದೇ ಹೋದ್ರೆ ಕಲ್ಲ್ ಬಿಟ್ಟ್ ಸಾಯ್ಲಿ. ಹೇಳ್ರೆ ಊರೆದ್ರ್ ಸಾಯ್ಲಿ. ಎರಡ್ರಗ್ ಒಂದ್ ಆಯ್ಕ್."

ಅಮ್ಮನ ಮುಖವನ್ನು ವಿನಯಾ ನೋಡುತ್ತಿದ್ದಳು. "ಅಮ್ಮ, ನೀ ನಗ್ತಾ ಇದ್ದೆ, ಗೊತ್ತಿತ್ತಾ?" ಎಂದಳು. ಚಂದ್ರಮತಿ ಅವಳ ಬೆನ್ನಿಗೆ ಒಂದು ಬಿಟ್ಟಳು, ಪೆಟ್ಟು ಜೋರಾಗಿಯೇ ಬಿತ್ತು.

ಫೆಬ್ರವರಿಯಲ್ಲಿ ಕಮಲ ಬಂದಳು. ಗೋಡೆ ಎದ್ದ ಮೇಲೆ ಅವಳು ಈಚೆಯ ಅಡುಗೆಮನೆಗೆ ಕಾಲಿಟ್ಟದ್ದು ಅದೇ ಮೊದಲು. ಒಲೆಯ ಹತ್ತಿರ ನೆಲದ ಮೇಲೆಯೇ ಕುಳಿತಳು. ಮನೆಯಲ್ಲಿ ವಾರದಿಂದ ಒಣಮೀನು ಚಟ್ನಿ, ಗಂಜಿ, ಅಷ್ಟೇ ಎಂದಳು. ಸೂರ ಯಾರ ಜೊತೆಯೂ ಮಾತಾಡುವುದಿಲ್ಲ, ರತನ್ ಬಟ್ಟೆ ಕಟ್ಟಿ ಇಟ್ಟಿದ್ದಾನೆ ಎಂದಳು.

"ನಿನ್ ಮಗ ಒಂದ್ ಮಾತ್ ಹೇಳ್ರೆ ಆತಿತ್ ಚಂದ್ರಮತಿ. ಅಲ್ಲೊಂದ್ ಕಲ್ಲಿತ್ತ್, ಫ್ಯಾನ್ ಹಾಕುದ್ ಬೇಡ ಅಂದ್ರೆ ಸಾಕ್. ಕೈ ಮುಗಿತೆ."

"ಕೈ ಮುಗುದ್ ಬೇಡ ಅಕ್ಕ. ನೀವ್ ನಂಗೆಂತ ಮಾಡಿದ್ರಿ? ಭಾವನ್ ಹತ್ರ ಹೇಳಿ. ಸಭೆಯಗ್ ಎದ್ದ್ ನಿಲ್ಲುಕ್ ಹೇಳಿ. ಕಲ್ಲ್ ಎಲ್ಲಿತ್ತ್, ಯಾವಾಗಳಿಂದ ಗೊತ್ತಿತ್ತ್, ಚಂದಯ್ಯನ್ ಹತ್ರ ತೆಂಕ್ ಅಂದದ್ ಎಂತಕ್, ಎಲ್ಲ ಹೇಳುಕ್ ಹೇಳಿ. ಅದೇ ಗಳಿಗಿಗ್ ನನ್ ಮಗ ಗುರ್ತ್ ತಿದ್ತಾ."

"ಹೇಳ್ರೆ ಮತ್ತೆ ಅವ್ರ್ ಊರಗ್ ಮುಖ ಎತ್ತುದ್ ಹ್ಯಾಂಗೆ?"

"ನಾ ಇಷ್ಟ್ ವರ್ಷ ಎತ್ತಿದಂಗೆ."

ಕಮಲ ಎದ್ದಳು. ಬಾಗಿಲಲ್ಲಿ ನಿಂತು ಹಿಂತಿರುಗಿ, "ಪೂರಾ ಹೇಳುದೇ ಬೇಕಾ ನಿಂಗೆ?" ಎಂದು ಕೇಳಿದಳು.

"ಪೂರಾ," ಎಂದಳು ಚಂದ್ರಮತಿ.

ಮಾರ್ಚ್ ಮೊದಲ ವಾರ ಸಭೆ ಕರೆದರು. ಗಾಳಿ ಅಂದುಕೊಂಡದ್ದಕ್ಕಿಂತ ಚೆನ್ನಾಗಿದೆ, ಕಂಬದ ಸುತ್ತ ಫ್ಯಾನುಗಳನ್ನು ನಿಲ್ಲಿಸುವ ಯೋಜನೆ ಮೇಲಕ್ಕೆ ಕಳಿಸುತ್ತಿದ್ದೇವೆ, ಈ ಜಾಗದ ಬಗ್ಗೆ ತಕರಾರಿದ್ದರೆ ಇವತ್ತೇ ಹೇಳಬೇಕು ಎಂದರು ಇಂಜಿನಿಯರು. ನಕ್ಷೆ ಅದೇ ಗೋಡೆಯ ಮೇಲಿತ್ತು, ಪ್ರವೀಣ್ ಅದೇ ಜಾಗದಲ್ಲಿ ನಿಂತಿದ್ದ. ಚಂದ್ರಮತಿ ಈ ಸಲ ಹಿಂದೆ ಕೂರಲಿಲ್ಲ. ಒಳ್ಳೆಯ ಸೀರೆ ಉಟ್ಟು, ಸೂರನ ಮುಖ ಕಾಣುವಂತೆ ಅಡ್ಡ ಸಾಲಿನಲ್ಲಿ ಕುಳಿತಳು.

ಸೂರ ನೆಲ ನೋಡುತ್ತಿದ್ದ. ಇಂಜಿನಿಯರು ಕಾಗದ ಜೋಡಿಸಿಕೊಳ್ಳತೊಡಗಿದಾಗ ರತನ್ ಎದ್ದ. ಕಮಲ ಅವನ ಅಂಗಿ ಹಿಡಿದು ಎಳೆದಳು, ಅವನು ಕೊಡವಿಕೊಂಡ.

"ಸರ್, ಆ ಜಾಗ ನಮ್ದ್. ತೆಂಕ್ ಅಂದೇಳಿ ಅಪ್ಪಯ್ಯ ಸುಳ್ಳ್ ಹೇಳದ್ದ್. ಅಲ್ಲ್ ಅಡಿಯಗ್ ಒಂದ್ ಕಲ್ಲಿತ್ತ್. ನಂಗ್ ಬುದ್ಧಿ ಬಂದಾಗ್ಳಿಂದ ನಾವ್ ಗಾಳ ಹಾಕುದ್ ಅಲ್ಲೇ. ಬೇಕಾರೆ ಪ್ರವೀಣನ್ ಹತ್ರ ಕೇಳಿ, ಆ ಕಲ್ಲ್ ಕಂಡ್ ಹಿಡ್ದದ್ದೇ ಇವ್ನ ಅಪ್ಪಯ್ಯ, ನಮ್ ಚಿಕ್ಕಪ್ಪ. ಅವ್ರ್ ದಿನಾ ಹೋತಿದ್ದದ್ದೂ ಅಲ್ಲಿಗೇ."

ಹುಡುಗರು ಕೆಲವರು ಸೂರನ ಸುಳ್ಳಿಗೆ ನಕ್ಕರು. ವಯಸ್ಸಾದವರು ನಗಲಿಲ್ಲ. ರತನ್‌ಗೆ ತಾನು ಏನು ಹೇಳಿದೆನೆಂದೇ ತಿಳಿದಿರಲಿಲ್ಲ, ಅವನು ಕಲ್ಲು ಉಳಿಸಲು ಎದ್ದವನು. ಮೊದಲ ಕುರ್ಚಿಯಲ್ಲಿದ್ದ ಚಂದಯ್ಯ ಕನ್ನಡಕ ತೆಗೆದು ಸೂರನ ಕಡೆ ತಿರುಗಿದ.

"ಸೂರ, ಮುತ್ತ ಹೋತಿದ್ದದ್ದ್ ಬಡ್ಗ್ ಬದಿಗಾ?"

ಚಂದಯ್ಯ ಕುರ್ಚಿಯನ್ನೇ ಸೂರನ ಕಡೆಗೆ ಎಳೆದುಕೊಂಡ.

"ಆ ದಿನ ನಾ ನಿನ್ ಅಂಗಳದಗ್ ನಿಂತ್ಕಂಡ್ ಕೇಳ್ದೆ. ನೀ ತೆಂಕ್ ಅಂದೆ. ನೀರ್ ಅಷ್ಟೇನ್ ಎಳಿತಾ ಇರ್ಲಿಲ್ಲ, ಹೆಣ ಅಷ್ಟ್ ಬಡ್ಗಿಗ್ ಹ್ಯಾಂಗ್ ಹೋಯ್ತ್ ಅಂದೇಳಿ ನಾ ಇವತ್ತಿಗೂ ತಲಿ ಕೆಡ್ಸ್ಕಂತೆ ಮರಾಯ. ನಾಲ್ಕ್ ದೋಣಿ ತಕಂಡ್ ಹೋಯ್ದೆ ನಾ. ಕೈ ಕಾಲ್ ಬಿದ್ದ್ ಹೋಪಷ್ಟ್ ಹುಡ್ಕಿದೆ."

ಸೂರ ಎದ್ದು ನಿಂತ.

"ಹೌದ್ ಚಂದಯ್ಯ. ಬಡ್ಗಿಗೇ ಹೋದದ್ದ್ ಅವ. ನಂಗೊತ್ತಿದ್ದಿತ್. ನಾಲ್ಕ್ ದೋಣಿಯವ್ರಿಗ್ ಕಲ್ಲ್ ಕಂಡ್ರೆ ಮತ್ತೆ ಅದ್ ನಮ್ದಾಗಿ ಉಳುದಿಲ್ಲೆ ಅಂದೇಳಿ ತೆಂಕ್ ಅಂದೆ. ಬಾಯಿಗ್ ಬಂದದ್ದೇ ಅದ್. ನನ್ ತಮ್ಮನ್ನ ನಾನೇ ಕೊಂದೆ."

ಬಂತು. ಇಷ್ಟು ವರ್ಷ ಕಾದದ್ದು ಕಡೆಗೂ ಬಂತು. ಚಂದ್ರಮತಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದಳು.

"ಕೇಳಿದ್ರಾ ಎಲ್ಲ? ಒಂದ್ ಕಲ್ಲಿಗಾಯಿ! ನನ್ ಗಂಡ ನೀರಗ್ ಕೈ ಕಟ್ಕಂಡ್ ಕಾದಿದ್ರ್. ಇವ್ರ್ ಒಂದ್ ಮಾತ್ ಹೇಳಿದ್ರೆ ಬದುಕ್ತಿದ್ರ್. ಇಂಥವ್ರ್ ಕೈಯಿಂದ ನಾ ಮೀನ್ ತಿಂದೆ. ಥೂ!"

ಸೂರ ಅವಳನ್ನು ನೋಡಿದ. ಅವನ ಕಣ್ಣಿನಲ್ಲಿ ನೀರಿತ್ತು, ಆದರೆ ಧ್ವನಿ ಗಟ್ಟಿಯಾಯಿತು.

"ಪೂರಾ ಹೇಳ್ಕ್ ಅಂದೆ ಅಲ್ದಾ ನೀ? ಹೇಳ್ತೆ. ನಾ ತೆಂಕ್ ಅಂದ್ ಹೇಳುವತ್ತಿಗ್ ನೀ ಎಲ್ಲಿದ್ದೆ ಚಂದ್ರಮತಿ? ನನ್ ಬಗ್ಲಗೇ ನಿಂತಿದ್ದೆ. ಕಲ್ಲ್ ಎಲ್ಲಿತ್ತ್ ಅಂದೇಳಿ ಮುತ್ತ ನಿಂಗೂ ಹೇಳಿದ್ದ, ಮದಿ ಆದ್ ಹೊಸ್ತ್ರಗೇ. ಈ ಚಂದಯ್ಯ ನನ್ ಒಬ್ನ ಹತ್ರ ಕೇಳದ್ದಲ್ಲ. ನಿನ್ ಹತ್ರವೂ ಕೇಳ್ದ. ನೀ ಎಂತ ಅಂದೆ, ಅದೂ ಹೇಳ್."

ಎಲ್ಲರೂ ಚಂದಯ್ಯನನ್ನು ನೋಡಿದರು. ಮುದುಕ ಹಣೆ ಉಜ್ಜಿಕೊಂಡ.

"ಕೇಳಿದ್ದೆ," ಎಂದ ಮೆಲ್ಲಗೆ. "ಬಾಗ್ಲ ಹತ್ರ ನಿಂತಿದ್ಲ್. ಹೌದಾ ಮಗಾ, ತೆಂಕಾ ಅಂದೇಳಿ ಕೇಳ್ದೆ. ಭಾವ ಹೇಳದ್ ಸರಿ ಅಂದ್ಲ್."

ಊರವರೆದುರು ಸೂರ ನಿಜ ಹೇಳಬೇಕೆಂದು ಚಂದ್ರಮತಿ ಹಟ ಹಿಡಿದಿದ್ದಳು. ಅವನು ಹೇಳಿದ, ಒಂದಿಷ್ಟೂ ಉಳಿಸಲಿಲ್ಲ. ಅವಳು ಇನ್ನೂ ನಿಂತೇ ಇದ್ದಳು. ಕೂರಬೇಕೆಂದು ತೋಚಲಿಲ್ಲ. ಪಕ್ಕದ ಹೆಂಗಸೊಬ್ಬಳು ಕೈ ಹಿಡಿದು ಕೂರಿಸಿದಳು.

ಇಂಜಿನಿಯರಿಗೆ ಇದರಲ್ಲಿ ಒಂದಿಷ್ಟು ಅರ್ಥವಾಯಿತು, ಹೆಚ್ಚಿನದು ಆಗಲಿಲ್ಲ. ಅಲ್ಲಿ ಮೀನುಗಾರಿಕೆ ಇದ್ದರೆ ಫ್ಯಾನುಗಳನ್ನು ಪಡುವಣಕ್ಕೆ ಸರಿಸಬಹುದು, ಅಳತೆ ಮುಗಿದ ಮೇಲೆ ಕಂಬವನ್ನೂ ತೆಗೆಯುತ್ತೇವೆ, ಈಗ ಗುರುತು ತಿದ್ದಿ ಎಂದು ಪ್ರವೀಣನಿಗೆ ಹೇಳಿದರು. ಪ್ರವೀಣ್ ಒತ್ತಿನೆಣೆಯ ಎದುರು ಕೆಂಪು ಗುರುತು ಹಾಕಿದ. ಪೆನ್ನಿನ ಮುಚ್ಚಳ ಹಾಕಿ, ಅಮ್ಮನ ಕಡೆ ನೋಡದೆ ಹೊರಗೆ ನಡೆದ. ರತನ್ ಅವನ ಹಿಂದೆ ಹೋದ.

ಚಂದ್ರಮತಿ ಒಬ್ಬಳೇ ಮನೆಗೆ ಬಂದಳು. ಸೀರೆ ಬದಲಿಸಿ ಅಕ್ಕಿ ತೊಳೆದು ಒಲೆಗೆ ಇಟ್ಟಳು. ಮೀನು ತಂದಿರಲಿಲ್ಲ, ಹೆಸರುಕಾಳು ಬೇಯಿಸಿದಳು. ವಿನಯಾ ಜಗಲಿಯಲ್ಲಿ ಪುಸ್ತಕ ಹಿಡಿದು ಕುಳಿತವಳು ಒಂದು ಪುಟವನ್ನೂ ಮಗುಚಲಿಲ್ಲ. ಗೋಡೆಯ ಆಚೆ ಕಮಲ ಯಾರಿಗೋ ಉಣ್ಣಿ ಉಣ್ಣಿ ಎಂದು ಹೇಳುತ್ತಿದ್ದದ್ದು ಕೇಳುತ್ತಿತ್ತು.

ಕತ್ತಲಾಗುವ ಹೊತ್ತಿಗೆ ಪ್ರವೀಣ್ ಬಂದ. ಕೈಕಾಲು ತೊಳೆದು ಅಡುಗೆಮನೆಯ ಬಾಗಿಲಲ್ಲಿ ನಿಂತ. ಬಟ್ಟಲು ಹಾಕಿದ್ದರೂ ಕೂರಲಿಲ್ಲ. ಬೈಯುತ್ತಾನೆ ಎಂದುಕೊಂಡು ಚಂದ್ರಮತಿ ಕಾದಳು. ಅವನು ಬೈಯಲಿಲ್ಲ. ಸಣ್ಣವನಿದ್ದಾಗ ಅಪ್ಪಯ್ಯ ಯಾವಾಗ ಬರುತ್ತಾರೆ ಎಂದು ಕೇಳುತ್ತಿದ್ದ ಧ್ವನಿಯಲ್ಲೇ ಕೇಳಿದ.

"ನಿಂಗ್ ಗೊತ್ತಿದ್ದಿತಲ್ಲ ಅಮ್ಮ. ಎಂತಕ್ ಹೇಳ್ಲಿಲ್ಲ?"

ಚಂದ್ರಮತಿ ಸೌಟನ್ನು ಪಾತ್ರೆಯ ಮೇಲೆ ಅಡ್ಡ ಇಟ್ಟಳು. ಉತ್ತರ ಅವಳ ಬಳಿ ಸಿದ್ಧವಾಗಿಯೇ ಇತ್ತು. ಇಷ್ಟು ವರ್ಷ ಅದನ್ನು ಕೇಳಿದವರು ಯಾರೂ ಇರಲಿಲ್ಲ.

"ಕಲ್ಲಿನ್ ಸುದ್ದಿ ಯಾರಿಗೂ ಹೇಳುಕಾಗ ಅಂದಿದ್ರ್ ನಿನ್ ಅಪ್ಪಯ್ಯ," ಎಂದಳು. "ಹೇಳ್ರೆ ಸಂಜಿಗ್ ಬಂದ್ ಬೈತ್ರ್ ಅಂದ್ಕಂಡೆ."